ಬಿಳಿ ಓಪೆಲ್ ಎಲ್ಲಿದೆ?

ಬರ್ಕಾನ್, 14 ಜನವರಿ 1996

ಮಗಳು ವರ್ದಾಳಿಗೆ ಅಪ್ಪನ ಸಲಾಮ್.

ಕಾಗದ ತಲುಪಿತು. ಏಪ್ರಿಲ್‌ನಲ್ಲಿ ನಿನ್ನದೇ ಗಾಡಿಯಲ್ಲಿ, ನೀನೇ ಓಡಿಸಿಕೊಂಡು, ಬೆಲ್ಜಿಯಂನಿಂದ ನಮ್ಮ ಬಾಗಿಲಿನವರೆಗೆ ಬರುತ್ತೇನೆ ಎಂದು ಬರೆದಿದ್ದೀಯೆ. ನಾಲ್ಕು ವರ್ಷದ ಮೇಲೆ ಬರುವವಳು ವಿಮಾನದಲ್ಲಿ ಬರಬಹುದಿತ್ತು. ಇರಲಿ. ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವನು ಮಗಳಿಗೆ ಓಡಿಸಬೇಡ ಎಂದು ಯಾವ ಬಾಯಿಂದ ಹೇಳಲಿ?

ಈಗ ಕಿವಿಗೊಟ್ಟು ಕೇಳು. ಹೊರಡುವ ಮೊದಲು ವಿಮೆಯ ಹಸಿರು ಕಾರ್ಡನ್ನು ಬೆಳಕಿಗೆ ಹಿಡಿದು ನೋಡು. ಅದರಲ್ಲಿ ದೇಶಗಳ ಗುರುತಿನ ಅಕ್ಷರಗಳು ಸಾಲಾಗಿ ಇರುತ್ತವೆ. ನಮ್ಮ ದೇಶದ ಅಕ್ಷರಗಳ ಮೇಲೆ ಗೀಟು ಎಳೆದಿದ್ದರೆ ಆ ವಿಮೆ ಸಮುದ್ರ ದಾಟುವುದಿಲ್ಲ ಎಂದರ್ಥ. ಪ್ರತಿ ಬೇಸಿಗೆಯಲ್ಲೂ ಯಾರೋ ಒಬ್ಬ ದೊಡ್ಡ ಮನುಷ್ಯ ಗಾಡಿಯ ಮೇಲೆ ಫ್ರಿಜ್ಜು, ಒಳಗೆ ಮಕ್ಕಳನ್ನು ಹೇರಿಕೊಂಡು ಬಂದು, ಆ ಗೀಟನ್ನು ಬಂದರಿನಲ್ಲಿ ಮೊದಲ ಸಲ ನೋಡಿ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ನೀನು ಹಾಗೆ ಕೂರಬೇಡ.

ಇನ್ನೊಂದು ಮಾತು. ಸುಂಕದವರು ಗಾಡಿಯನ್ನು ನಿನ್ನ ಪಾಸ್‌ಪೋರ್ಟಿನಲ್ಲೇ ಬರೆಯುತ್ತಾರೆ. ಬರೆದ ಮೇಲೆ ಗಾಡಿ ಬಿಟ್ಟು ನೀನು ದೇಶ ದಾಟುವ ಹಾಗಿಲ್ಲ. ನಿನ್ನ ಬಿಟ್ಟು ಬೇರೆ ಯಾರೂ ಅದನ್ನು ಓಡಿಸುವ ಹಾಗಿಲ್ಲ, ನಾನೂ ಸೇರಿ. ಮದುವೆಗಿಂತ ಗಟ್ಟಿ ಗಂಟು ಅದು. ಈ ಸಾಲನ್ನು ಹೊಡೆದುಹಾಕೋಣ ಎಂದುಕೊಂಡೆ, ಕಾಗದ ಗಲೀಜಾಗುತ್ತದೆಂದು ಬಿಟ್ಟೆ.

ಅಳಿಯ ಜಿಲಾಲಿಯೂ ಬರುತ್ತಾನಾ ಕೇಳಿ ಎಂದು ನಿನ್ನ ಅಮ್ಮ ಹೇಳಿದಳು. ನಾನು ಗಾಡಿಯ ವಿಷಯ ಮಾತ್ರ ಬರೆಯುವವನು ಎಂದೆ.

ನಿನ್ನ ಅಪ್ಪ,
ಬೂಝಿಯಾನ್

*

ಲೀಜ್, 3 ಫೆಬ್ರುವರಿ 1996

ಅಪ್ಪಾ,

ಹಸಿರು ಕಾರ್ಡು ನೋಡಿದೆ. ಗೀಟು ಇಲ್ಲ. ವಿಮೆ ಕಚೇರಿಯ ಹುಡುಗಿಗೂ ನಿಮ್ಮ ಪಾಠ ಒಪ್ಪಿಸಿದೆ. "ನಿಮ್ಮಪ್ಪ ಇನ್ಶೂರೆನ್ಸ್ ಕಂಪನೀಲಿ ಇದ್ರಾ?" ಎಂದು ಕೇಳಿದಳು. "ಇಲ್ಲ, ಎಲ್ಲಾ ಕಂಪನಿಗಳ ಮೇಲೂ ಇದಾರೆ" ಎಂದೆ.

ಜಿಲಾಲಿ ಬರುವುದಿಲ್ಲ. ಅಮ್ಮನಿಗೆ ಗೊತ್ತು, ಆದರೂ ಕೇಳಿಸುತ್ತಾಳೆ. ಹೋಗಲಿ, ನೀವು ಗಾಡಿಯ ವಿಷಯ ಮಾತ್ರ ಬರೆಯುವವರು, ನಾನೂ ಅದನ್ನೇ ಬರೆಯುತ್ತೇನೆ. ನಮ್ಮ ಹಳೆಯ ನೀಲಿ ಗಾಡಿಯನ್ನು ಅವನು ತೆಗೆದುಕೊಂಡು ಹೋದ. ಹೋಗುವ ದಿನ ನಾನು ಸ್ಕ್ರೂಡ್ರೈವರ್ ಹಿಡಿದು ಕೆಳಗಿಳಿದು ಹೋಗಿ, ಅವನ ಎದುರಿಗೇ ನಂಬರ್ ಪ್ಲೇಟು ಬಿಚ್ಚಿಕೊಂಡೆ. "ಏನ್ ಮಾಡ್ತಿದೀಯ?" ಎಂದ. "ಗಾಡಿ ನಿಂದು, ನಂಬರ್ ನಂದು" ಎಂದೆ. ಹುಚ್ಚುತನವಲ್ಲ ಅಪ್ಪಾ, ಇಲ್ಲಿಯ ಕಾನೂನೇ ಹಾಗೆ. ಈ ದೇಶದಲ್ಲಿ ನಂಬರು ಗಾಡಿಗಲ್ಲ, ಮನುಷ್ಯರಿಗೆ ಸೇರಿದ್ದು. ನೋಂದಣಿ ನನ್ನ ಹೆಸರಿನಲ್ಲಿತ್ತು. ಗಾಡಿ ಮಾರಿದರೆ ನಂಬರನ್ನು ಬಿಚ್ಚಿ ಮನೆಗೆ ತಂದು, ವಿಮೆಯವರ ಮುದ್ರೆ ಹಾಕಿಸಿ, ಮುಂದಿನ ಗಾಡಿಗೆ ಹಾಕಿಕೊಳ್ಳಬಹುದು. ಸರ್ಕಾರ ಹಿಂದಿನ ಪ್ಲೇಟು ಮಾತ್ರ ಕೊಡುತ್ತದೆ. ಮುಂದಿನದನ್ನು ಕೀಲಿಕೈ ಮಾಡುವವನ ಅಂಗಡಿಯಲ್ಲಿ ನಾವೇ ಮಾಡಿಸಿಕೊಳ್ಳಬೇಕು.

ಈಗ ಆ ನಂಬರು ಒಂದು ಹಳೆಯ ಬಿಳಿ ಓಪೆಲ್ ಮೇಲಿದೆ. ಅದೇ ನಿಮ್ಮ ಬಾಗಿಲಿಗೆ ಬರುವುದು. ತಂಗಿ ಸುಮೀಶಾಗೆ ಮುದ್ದು ಹೇಳಿ.

ನಿಮ್ಮ ಮಗಳು,
ವರ್ದಾ

*

ಬರ್ಕಾನ್, 20 ಮೇ 1996

ಮಗಳೇ,

ನೀನು ಹಿಂದಿರುಗಿದ ಮೇಲೆ ಮನೆ ಬಿಕೋ ಎನ್ನುತ್ತಿದೆ ಎಂದು ನಿನ್ನ ಅಮ್ಮ ಬರೆಯಲು ಹೇಳಿದ್ದಾಳೆ. ಬರೆದಿದ್ದೇನೆ.

ಆ ಹತ್ತು ದಿನ ನಿನ್ನ ಪಕ್ಕದ ಸೀಟಿನಲ್ಲಿ ಕೂತು ಊರೆಲ್ಲ ಸುತ್ತಿದ್ದಕ್ಕೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನನ್ನ ಮಾನ ಹರಾಜಾಗಿದೆ. ಕದ್ದೂರ್ ದಿನವೂ ಕೇಳುತ್ತಾನೆ: "ಏನು ಬೂಝಿಯಾನ್, ಕಾಲ್ಕೆಳಗೆ ಬ್ರೇಕ್ ಇಲ್ದಿದ್ರೂ ಒತ್ತುತಾ ಇದ್ಯಂತೆ?" ಒತ್ತಿದ್ದು ನಿಜ. ಆದರೆ ಎರಡನೆಯ ದಿನದಿಂದ ಒತ್ತಲಿಲ್ಲ, ಅದನ್ನು ಅವನಿಗೆ ಹೇಳಿದೆ. ಘಟ್ಟದ ತಿರುವಿನಲ್ಲಿ ನೀನು ಗೇರು ಇಳಿಸಿದ ರೀತಿ ನನ್ನದೇ.

ನಂಬರಿನ ವಿಷಯ ಮಾತ್ರ ನನ್ನ ತಲೆಗೆ ಹತ್ತಲಿಲ್ಲ, ಹತ್ತುವುದೂ ಇಲ್ಲ. ನಂಬರು ಎಂದರೆ ಟೋಪಿಯೇ, ಈ ತಲೆಯಿಂದ ತೆಗೆದು ಆ ತಲೆಗೆ ಇಡಲು? ಇಲ್ಲಿ ಗಾಡಿ ಹುಟ್ಟಿದಾಗ ಸಿಕ್ಕ ನಂಬರು ಗುಜರಿಗೆ ಹೋಗುವವರೆಗೆ ಅದರದೇ. ನನ್ನ ಮರ್ಸಿಡಿಸ್‌ಗೆ ನನಗಿಂತ ಮೊದಲು ಮೂವರು ಯಜಮಾನರಿದ್ದರು. ಹೆಸರು ಯಾರಿಗೂ ನೆನಪಿಲ್ಲ, ನಂಬರು ಊರಿಗೆಲ್ಲ ಗೊತ್ತು. ರಸ್ತೆಯಲ್ಲಿ ಪೊಲೀಸಿನವನು ದೂರದಿಂದ ನಂಬರು ನೋಡಿದರೆ ಗಾಡಿಯ ಜಾತಕ ಹೇಳುತ್ತಾನೆ. ಮುಂದಿನ ಪ್ಲೇಟನ್ನು ಕೀಲಿಕೈಯವನು ಮಾಡಿಕೊಡುವ ಸರ್ಕಾರದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಊರಿಗೇ ಒಂದು ದಾರಿಯಾದರೆ ಅವರಿಗೇ ಒಂದು ದಾರಿ.

ಸುಮೀಶಾಳ ಮದುವೆ ಆಗಸ್ಟ್ ಕೊನೆಯ ವಾರ ಎಂದು ಗೊತ್ತಾಗಿದೆ. ತಂಗಿಯನ್ನು ಗಂಡನ ಮನೆಗೆ ಕರೆದೊಯ್ಯುವ ಗಾಡಿ ಯಾರು ಓಡಿಸಬೇಕು ಎಂದು ಮನೆಯಲ್ಲಿ ಚರ್ಚೆ ನಡೆದಿದೆ. ಯಾರ ಮಾತು ಗೆದ್ದಿತೆಂದು ಬರೆಯುವುದಿಲ್ಲ. ನೀನು ಗಾಡಿ ತಾ.

ಅಪ್ಪ

*

ಲೀಜ್, 9 ಜುಲೈ 1996

ಅಪ್ಪಾ,

ತರುತ್ತೇನೆ, ಆದರೆ ಓಪೆಲ್ ಅಲ್ಲ. ಅದು ಕೈಕೊಟ್ಟಿತು. ಇಲ್ಲಿ ವರ್ಷಕ್ಕೊಮ್ಮೆ ತಪಾಸಣೆಗೆ ಗಾಡಿ ಒಯ್ಯಬೇಕು. ತಪಾಸಣೆಯವನು ಕೆಳಗೆ ಇಳಿದು ಸುತ್ತಿಗೆಯಿಂದ ತಟ್ಟಿದ, ತುಕ್ಕು ಅಂಗೈ ತುಂಬ ಉದುರಿತು. "ಮೇಡಂ, ಇದ್ರಲ್ಲಿ ಆಫ್ರಿಕಾಗೆ ಹೋಗಿ ಬಂದ್ರಾ?" ಎಂದು ಕೇಳಿ ನನ್ನ ಮುಖವನ್ನೇ ನೋಡಿದ. ಅಲ್ಲಿಂದ ನೇರ ಗುಜರಿಗೆ ಹೋಯಿತು.

ನಾನು ಬಸ್ ಓಡಿಸುವ ಡಿಪೋದ ಒಬ್ಬ ಹಿರಿಯ ಡ್ರೈವರ್ ತನ್ನ ಬೂದು ಬಣ್ಣದ ಮರ್ಸಿಡಿಸ್ ಮಾರುತ್ತಿದ್ದ, ಕೊಂಡುಕೊಂಡೆ. ನಂಬರು ಹಳೆಯದೇ. ಟೋಪಿ ಮೂರನೆಯ ತಲೆಗೆ ಬಂತು ಎಂದು ಕದ್ದೂರ್ ಮಾಮನಿಗೆ ಹೇಳಿ. ಹಸಿರು ಕಾರ್ಡು ಹೊಸದಾಗಿ ಬರೆಸಿದ್ದೇನೆ, ಗೀಟು ಇಲ್ಲ, ಎರಡು ಸಲ ನೋಡಿದೆ.

ಒಂದು ಮಾತು. ಡಿಪೋದಲ್ಲಿ ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ಸೆಪ್ಟೆಂಬರ್ ಎರಡಕ್ಕೆ ಶಾಲೆಗಳು ಶುರು, ಆ ಬೆಳಿಗ್ಗೆ ಸ್ಟಿಯರಿಂಗ್ ಹಿಂದೆ ನಾನಿಲ್ಲದಿದ್ದರೆ ಕೆಲಸವೂ ಇಲ್ಲ ಎಂದು ಮೊದಲೇ ಹೇಳಿದ್ದಾರೆ. ಒಂಟಿ ಹೆಂಗಸಿಗೆ ಈ ಊರಿನಲ್ಲಿ ಆ ಸ್ಟಿಯರಿಂಗೇ ಆಧಾರ. ಮದುವೆ ಮುಗಿದ ಮರುದಿನವೇ ಹೊರಡುತ್ತೇನೆ, ಅಮ್ಮ ಅಳಬಾರದು.

ವರ್ದಾ

*

ಬರ್ಕಾನ್, 28 ಆಗಸ್ಟ್ 1996
(ಕದ್ದೂರನ ಟ್ಯಾಕ್ಸಿಯಲ್ಲಿ ಕಳಿಸಿದ್ದು)

ವರ್ದಾ,

ನೀನು ಬಂದರಿನ ಊರಿನಲ್ಲಿ ನಿನ್ನ ಗೆಳತಿಯ ಮನೆಯಲ್ಲಿ ಇದ್ದೀಯೆಂದು ಕದ್ದೂರ್ ಹೇಳಿದ. ನಿನ್ನೆ ಸಂಜೆ ಹೇಳದೆ ಕೇಳದೆ ಎದ್ದು ಹೋದೆಯಲ್ಲ, ಚಹಾ ಲೋಟದಲ್ಲೇ ಉಳಿಯಿತು.

ನಾನು ತಿಳಿದುಕೊಂಡದ್ದು ಇಷ್ಟು. ಸರಿಯಿದೆಯೇ ಹೇಳು. ಈ ತಿಂಗಳು ನೀನು ಹಡಗಿನಿಂದ ಇಳಿದಾಗ ಸುಂಕದ ಕಟ್ಟೆಯವನು ಬಿಸಿಲಿನಲ್ಲಿ ಸಾವಿರ ಗಾಡಿ ನೋಡಿ ಸುಸ್ತಾಗಿದ್ದ. ನಿನ್ನ ಪಾಸ್‌ಪೋರ್ಟ್ ತಿರುವಿದಾಗ ಏಪ್ರಿಲ್ ಪುಟದಲ್ಲಿ ಅದೇ ನಂಬರು ಕಂಡಿತು. ನಂಬರು ಅದೇ ಆದರೆ ಗಾಡಿಯೂ ಅದೇ ಎಂದು ತಲೆ ಎತ್ತಿ ನೋಡದೆ "ಬಿಳಿ ಓಪೆಲ್" ಎಂದು ಬರೆದು ಮುದ್ರೆ ಒತ್ತಿದ. ನೀನು ಓದಲಿಲ್ಲ. ಈಗ ಹೊರಡುವ ದಿನ ಇನ್ನೊಬ್ಬ ಅಧಿಕಾರಿ ಪಾಸ್‌ಪೋರ್ಟಿನಲ್ಲಿ ಬಿಳಿ ಓಪೆಲ್, ಕಣ್ಣೆದುರಿಗೆ ಬೂದು ಮರ್ಸಿಡಿಸ್ ನೋಡಿ, ಓಪೆಲನ್ನು ಇಲ್ಲೇ ಯಾರಿಗೋ ಮಾರಿ ಅದರ ಪ್ಲೇಟನ್ನು ಕದ್ದ ಗಾಡಿಗೆ ಹಾಕಿದ್ದೀಯೆ ಎನ್ನುತ್ತಿದ್ದಾನೆ. ಮುಂದಿನ ಪ್ಲೇಟಿನ ಅಕ್ಷರ ಹಿಂದಿನದಕ್ಕಿಂತ ದಪ್ಪ ಇರುವುದೂ ಅವನ ಕಣ್ಣಿಗೆ ಬಿದ್ದಿದೆ. ಓಪೆಲ್ ಹೊರಟರೆ ಮಾತ್ರ ನೀನು ಹೊರಡಬಹುದು ಎಂಬುದು ಅವನ ಮಾತು.

ಹಾಗೆ ಮಾರುವವರು ಇಲ್ಲಿ ಇದ್ದಾರೆ, ವರ್ದಾ. ನಾನು ಅಂಥವರನ್ನು ನೋಡಿದ್ದೇನೆ. ಅದಕ್ಕೇ ಕೇಳಿದ್ದು.

ಮನೆಗೆ ಬಾ. ಅಮ್ಮ ಹರೀರಾ ಸೂಪು ಮಾಡಿದ್ದಾಳೆ.

ಅಪ್ಪ

*

28 ಆಗಸ್ಟ್, ಅದೇ ಟ್ಯಾಕ್ಸಿಯಲ್ಲಿ ವಾಪಸ್ಸು

ಅಪ್ಪಾ,

ನೀವು ಬರೆದದ್ದೆಲ್ಲ ಸರಿ. ಒಂದನ್ನು ಬಿಟ್ಟಿದ್ದೀರಿ. ನೀವು ಕೇಳಿದ್ದು ಹೇಗೆ ಎಂದು ಬರೆಯಲಿಲ್ಲ.

ಮದುವೆಗೆ ಬಂದ ನೆಂಟರು ಇನ್ನೂ ಕೂತಿದ್ದರು. ನಾನು ಬಂದರಿನಿಂದ ಹಿಂದಿರುಗಿ ಬಂದು ಎಲ್ಲವನ್ನೂ ಹೇಳಿದೆ. ನೀವು ಲೋಟ ಕೆಳಗಿಟ್ಟು, "ವರ್ದಾ, ನಿಜ ಹೇಳು, ಓಪೆಲ್ ಯಾರಿಗೆ ಮಾರಿದೆ?" ಎಂದಿರಿ. ಮಾರಿದೆಯಾ ಎಂದಲ್ಲ. ಯಾರಿಗೆ ಮಾರಿದೆ ಎಂದು.

ಜಿಲಾಲಿ ಹೊರಟುಹೋದಾಗಲೂ ನೀವು ಟೆಲಿಫೋನಿನಲ್ಲಿ ಕೇಳಿದ್ದು ಹೀಗೇ. "ಮನೆ ಯಾಕೆ ಮುರ್ಕೊಂಡೆ?" ಎಂದಿರಿ. ಮುರಿದವರು ಯಾರು ಎಂದು ಕೇಳಲಿಲ್ಲ. ಅವನು ಬೇಸಿಗೆಯಲ್ಲಿ ಬಂದು ನಿಮ್ಮ ಮನೆಯಲ್ಲಿ ಊಟ ಮಾಡಿ ತನ್ನ ಕಥೆ ಹೇಳಿ ಹೋದ. ನೀವು ನಂಬಿದಿರಿ. ನನ್ನ ಕಥೆ ಕೇಳಲು ಯಾರಿಗೂ ಹೊತ್ತಿರಲಿಲ್ಲ. ಅದು ನನಗೆ ಇವತ್ತಿಗೂ ಉರಿಯುತ್ತದೆ.

ಓಪೆಲನ್ನು ಗುಜರಿಗೆ ಹಾಕಿದ ಕಾಗದ ಲೀಜ್‌ನಲ್ಲಿ ನನ್ನ ಮನೆಯಲ್ಲಿದೆ. ಅದನ್ನು ತರಲು ನಾನು ಹೋಗಬೇಕು. ಹೋಗಬೇಕಾದರೆ ಅದು ಇಲ್ಲಿರಬೇಕು. ಅಧಿಕಾರಿಗೆ ಹೊಸ ಹಸಿರು ಕಾರ್ಡು, ನೋಂದಣಿ ಕಾಗದ ತೋರಿಸಿದೆ, ಇಂಥದ್ದನ್ನು ಯಾವ ಅಂಗಡಿಯಲ್ಲೂ ಅಚ್ಚು ಹಾಕಿಸಬಹುದು ಎಂದ. ನನಗೆ ಕೆಲಸ ಇರುವುದು ಸೆಪ್ಟೆಂಬರ್ ಎರಡರವರೆಗೆ ಮಾತ್ರ ಎಂದೂ ಹೇಳಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ನಾಳೆ ಮತ್ತೆ ಹೋಗುತ್ತೇನೆ. ನಾಡಿದ್ದೂ ಹೋಗುತ್ತೇನೆ. ನನ್ನ ಬಾಯಿಗೆ ಸುಸ್ತಾಗುವುದಿಲ್ಲ.

ಹರೀರಾ ಬೇಡ.

ವರ್ದಾ

*

ಲೀಜ್, 8 ಸೆಪ್ಟೆಂಬರ್ 1996

ಅಪ್ಪಾ,

ಸೋಮವಾರ ಬೆಳಿಗ್ಗೆ ಮೊದಲ ಬಸ್ಸು ನಾನೇ ತೆಗೆದೆ. ಸ್ಪೇನ್, ಫ್ರಾನ್ಸ್ ಎರಡನ್ನೂ ಹೇಗೆ ದಾಟಿದೆನೋ ನೆನಪಿಲ್ಲ. ಪೆಟ್ರೋಲ್ ಬಂಕುಗಳಲ್ಲಿ ಸೀಟು ಹಿಂದಕ್ಕೆ ಮಾಡಿಕೊಂಡು ಕಣ್ಣು ಮುಚ್ಚಿದೆ, ಅಷ್ಟೇ. ಮಕ್ಕಳು ಹೊಸ ಚೀಲಗಳನ್ನು ಹೊತ್ತು ಹತ್ತಿದರು. ಅವರಲ್ಲಿ ಒಬ್ಬಳು "ಗುಡ್ ಮಾರ್ನಿಂಗ್ ಮೇಡಂ" ಎಂದಾಗ ಅಳು ಬಂತು.

ಮೂರನೆಯ ದಿನ ಸುಂಕದ ಕಟ್ಟೆಗೆ ಹೋದರೆ ಆ ಅಧಿಕಾರಿಯೇ ಕರೆದು ಕುರ್ಚಿ ಕೊಟ್ಟ. ಮೊದಲೆರಡು ದಿನ ನಿಂತೇ ಮಾತಾಡಿಸಿದ್ದವನು. "ಗುಜರಿ ಕಾಗದಕ್ಕೆ ಅಲ್ಲಿನ ನಮ್ಮ ಕಾನ್ಸುಲ್ ಮುದ್ರೆ ಹಾಕ್ಸಿ ಕಳ್ಸಿ. ಅಲ್ಲೀತನಕ ನಿಮ್ಮಪ್ಪ ಮಾತು ಕೊಟ್ಟಿದಾರೆ" ಎಂದ. ಅಷ್ಟೇ. ಗೇಟು ತೆಗೆದರು.

ನೀವು ಅಲ್ಲಿಗೆ ಯಾವಾಗ ಹೋಗಿದ್ದಿರಿ? ಏನು ಹೇಳಿದಿರಿ? ಬರೀ ಮಾತಿಗೆ ಬಗ್ಗುವ ಆಸಾಮಿ ಅವನಲ್ಲ, ನಾನು ನೋಡಿದ್ದೇನೆ. ಕಾನ್ಸುಲ್ ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇನೆ, ತಡವಾಗುತ್ತದಂತೆ.

ವರ್ದಾ

*

ಬರ್ಕಾನ್, 25 ಸೆಪ್ಟೆಂಬರ್ 1996

ಮಗಳೇ,

ಕೆಲಸ ಉಳಿದದ್ದು ಸಂತೋಷ. ಕಟ್ಟೆಗೆ ಹೋದೆ, ಮಾತಾಡಿದೆ, ಬಂದೆ. ಸ್ಟಿಯರಿಂಗ್ ಹಿಡಿದವನಿಗೆ ಸುಂಕದವರ ಜೊತೆ ಮಾತಾಡಲು ಯಾರೂ ಕಲಿಸಬೇಕಾಗಿಲ್ಲ.

ಇಲ್ಲಿ ವಿಶೇಷ ಏನೂ ಇಲ್ಲ. ನನ್ನ ಗಾಡಿಯ ಎಂಜಿನ್ ಬಿಚ್ಚಿದೆ, ಗ್ಯಾರೇಜಿನಲ್ಲಿ ಬಿದ್ದಿದೆ. ಒಳ್ಳೆಯದೇ ಆಯಿತು, ಸ್ವಲ್ಪ ವಿಶ್ರಾಂತಿ. ಅಮ್ಮನ ಜೊತೆ ಮಾರುಕಟ್ಟೆಗೆ ನಡೆದು ಹೋಗುತ್ತೇನೆ. ಅವಳು ದಾಳಿಂಬೆಯನ್ನು ಹೇಗೆ ಆರಿಸುತ್ತಾಳೆಂದು ಮೂವತ್ತು ವರ್ಷದಲ್ಲಿ ಮೊದಲ ಸಲ ನೋಡಿದೆ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ತಟ್ಟುತ್ತಾಳೆ.

ಕಾನ್ಸುಲ್ ಮುದ್ರೆಗೆ ಅವಸರ ಮಾಡಬೇಡ. ಅವಸರ ಮಾಡಿದರೆ ಅವರು ಇನ್ನೂ ನಿಧಾನ ಮಾಡುತ್ತಾರೆ.

ಅಪ್ಪ

*

ಬರ್ಕಾನ್, 4 ಅಕ್ಟೋಬರ್ 1996

ಅಕ್ಕಾ,

ಈ ಕಾಗದ ಅಪ್ಪನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಗಂಡನ ಮನೆಯಿಂದ ಬರೆಯುತ್ತಿರುವುದರಿಂದ ಧೈರ್ಯ ಬಂದಿದೆ.

ಗ್ಯಾರೇಜೂ ಇಲ್ಲ, ಎಂಜಿನೂ ಇಲ್ಲ. ಅಪ್ಪನ ಟ್ಯಾಕ್ಸಿ ಬಂದರಿನಲ್ಲಿ ಸುಂಕದವರ ಅಂಗಳದಲ್ಲಿ ನಿಂತಿದೆ. ನೀನು ಮನೆಯಿಂದ ಎದ್ದು ಹೋದ ಮರುದಿನ ಸಂಜೆ ಅಪ್ಪ ಆರು ಜನ ಪ್ರಯಾಣಿಕರನ್ನು ಹತ್ತಿಸಿಕೊಂಡು ಅಲ್ಲಿಗೆ ಹೋಗಿ, ಅವರನ್ನು ಇಳಿಸಿ, ನೇರ ಕಟ್ಟೆಯೊಳಗೆ ಗಾಡಿ ನುಗ್ಗಿಸಿದರಂತೆ. ಕದ್ದೂರ್ ಮಾಮ ತನ್ನ ಟ್ಯಾಕ್ಸಿಯಲ್ಲಿ ಹಿಂದೆಯೇ ಹೋಗಿ ಜೊತೆಗಿದ್ದ, ಅವನೇ ಹೇಳಿದ್ದು.

"ನಿಮಗೆ ಒಂದು ಗಾಡಿ ಕಡಿಮೆ ಬಿದ್ದಿದೆ ಅಂತ ತಾನೆ? ಇದನ್ನ ಇಟ್ಕೊಳ್ಳಿ. ಆ ಓಪೆಲ್ ಈ ದೇಶದಲ್ಲಿ ಎಲ್ಲಾದ್ರೂ ಸಿಕ್ಕಿದ್ರೆ ಇದು ನಿಮ್ದೇ" ಎಂದು ಅಪ್ಪ ಬೀಗದ ಕೈ ಮೇಜಿನ ಮೇಲಿಟ್ಟರಂತೆ.

ಅಧಿಕಾರಿ, "ಯೋಚ್ನೆ ಮಾಡಿ ಯಜಮಾನ್ರೇ, ಮಕ್ಳು ಎಲ್ಲಾನೂ ಅಪ್ಪಂದಿರಿಗೆ ಹೇಳಲ್ಲ. ನಂಬರು ಗಾಡಿ ಬಿಟ್ಟು ಗಾಡಿಗೆ ಹೋಗುತ್ತೆ ಅನ್ನೋದನ್ನ ನೀವು ನಂಬ್ತೀರಾ?" ಎಂದನಂತೆ.

"ನಂಬರಿನ ವಿಷ್ಯ ನಂಗೆ ಇನ್ನೂ ಅರ್ಥ ಆಗಿಲ್ಲ ಸಾರ್. ನಾನು ನಂಬ್ತಿರೋದು ಮಗಳನ್ನ" ಎಂದರಂತೆ. ಆಮೇಲೆ ಜಾಮೀನಿನ ಕಾಗದಕ್ಕೆ ರುಜು ಹಾಕಿ, ಕದ್ದೂರ್ ಮಾಮನ ಟ್ಯಾಕ್ಸಿಯಲ್ಲಿ ಹಿಂದಿನ ಸೀಟಿನಲ್ಲಿ ಮೂವರು ಪ್ರಯಾಣಿಕರ ಜೊತೆ ಒತ್ತಿಕೊಂಡು ಮನೆಗೆ ಬಂದರು.

ಈಗ ಸ್ಟ್ಯಾಂಡಿನಲ್ಲಿ ಕೂತು ಬೇರೆಯವರ ಗಾಡಿಗೆ ಜನರನ್ನು ಕೂಗಿ ಕರೆಯುತ್ತಾರೆ. ಕೆಲವರು ಹಿಂದಿನಿಂದ, "ಮಗಳು ಓಪೆಲ್ ನುಂಗಿದ್ಳು, ಅಪ್ಪ ಟ್ಯಾಕ್ಸಿ ಕಳ್ಕೊಂಡ" ಎಂದು ಆಡಿಕೊಳ್ಳುತ್ತಾರೆ. ಅಪ್ಪನಿಗೆ ಕೇಳಿಸುತ್ತದೆ. ತಲೆ ಎತ್ತಿಕೊಂಡೇ ಇರುತ್ತಾರೆ.

ಬೇಗ ಕಾಗದ ಕಳಿಸು, ಅಕ್ಕಾ.

ಸುಮೀಶಾ

*

ಲೀಜ್, 21 ಅಕ್ಟೋಬರ್ 1996

ಅಪ್ಪಾ,

ಸುಮೀಶಾಳನ್ನು ಬೈಯಬೇಡಿ. ನಾನು ನಿಮ್ಮನ್ನು ಬೈಯಬೇಕೆಂದು ಕೂತೆ, ಮೂರು ಹಾಳೆ ಹರಿದೆ, ಬೈಗುಳ ಬರಲಿಲ್ಲ.

ಅವಳ ಕಾಗದ ಬಂದ ದಿನವೇ ಕಾನ್ಸುಲ್ ಕಚೇರಿಗೆ ಹೋಗಿ, ಮುದ್ರೆ ಬೀಳುವವರೆಗೆ ಬಾಗಿಲಲ್ಲೇ ನಿಲ್ಲುತ್ತೇನೆ ಎಂದೆ. "ಇದಕ್ಕೆಲ್ಲ ಅರ್ಜೆಂಟ್ ಏನಮ್ಮಾ?" ಎಂದರು. "ನಮ್ಮಪ್ಪನ ಟ್ಯಾಕ್ಸಿ ಬಿಸಿಲಲ್ಲಿ ನಿಂತಿದೆ" ಎಂದೆ. ಗುಮಾಸ್ತನ ತಂದೆಯೂ ನಮ್ಮ ಪಕ್ಕದ ಓಜ್ದಾದಲ್ಲಿ ಟ್ಯಾಕ್ಸಿಯವರಂತೆ. ಸಂಜೆಯೊಳಗೆ ಮುದ್ರೆ ಬಿತ್ತು.

ಇದರ ಒಳಗಿರುವ ಅಂಟಿಸಿದ ಲಕೋಟೆಯಲ್ಲಿ ಗುಜರಿಯವನ ಕಾಗದ ಇದೆ. ಓಪೆಲ್‌ನ ಚಾಸಿ ನಂಬರು, ಪುಡಿ ಮಾಡಿದ ತಾರೀಖು, ಮುದ್ರೆ, ಎಲ್ಲವೂ ಇದೆ. ಕಟ್ಟೆಗೆ ಕೊಡುವ ಮೊದಲು ನೀವು ಒಡೆದು ಓದಿ. ಸ್ಟ್ಯಾಂಡಿನಲ್ಲಿ ಆಡಿಕೊಳ್ಳುವವರಿಗೂ ತೋರಿಸಿ. ನಾನು ಮಾರಲಿಲ್ಲ ಎಂದು ನಿಮ್ಮ ಕಣ್ಣಿಂದಲೇ ನೋಡಿಬಿಡಿ, ನನಗೆ ಅದೊಂದು ಬೇಕು.

ನಿಮ್ಮ ಮಗಳು,
ವರ್ದಾ

*

ಬರ್ಕಾನ್, 6 ನವೆಂಬರ್ 1996

ಮಗಳು ವರ್ದಾಳಿಗೆ ಅಪ್ಪನ ಸಲಾಮ್.

ಗಾಡಿ ಮನೆಗೆ ಬಂತು. ಅಂಗಳದಲ್ಲಿ ನಿಂತು ನಿಂತು ಬ್ಯಾಟರಿ ಸತ್ತಿತ್ತು. ಆ ಅಧಿಕಾರಿಯೇ ಕೋಟು ಕಳಚಿ ಹಿಂದಿನಿಂದ ತಳ್ಳಿದ. ಸರ್ಕಾರ ನನ್ನ ಗಾಡಿ ತಳ್ಳಿದ್ದು ಇದೇ ಮೊದಲು, ಸ್ಟ್ಯಾಂಡಿನಲ್ಲಿ ಈ ಕಥೆಗೆ ಈಗ ಒಳ್ಳೆಯ ಬೆಲೆ ಇದೆ. ಕ್ಲೆಮೆಂಟೈನ್ ಕಿತ್ತಳೆಯ ಕಾಲ, ಬಾಡಿಗೆಗೆ ಬರವಿಲ್ಲ.

ಮುಂದಿನ ಬೇಸಿಗೆಯಲ್ಲಿ ಬರುವಾಗ ಸುಂಕದವನು ಬರೆದದ್ದನ್ನು ಅವನ ಎದುರಿಗೇ ಗಟ್ಟಿಯಾಗಿ ಓದು. ಬಣ್ಣವನ್ನೂ ಓದು. ಜಿಲಾಲಿ ಬಿಟ್ಟುಹೋದ ಕಥೆಯನ್ನು ದಾರಿಯಲ್ಲಿ ನೀನು ಹೇಳು, ನಾನು ಪಕ್ಕದ ಸೀಟಿನಲ್ಲಿ ಕೂತು ಕೇಳುತ್ತೇನೆ. ಎಷ್ಟು ಉದ್ದ ಇದ್ದರೂ ಸರಿ, ಇನ್ನೊಂದು ಸುತ್ತು ಹಾಕೋಣ.

ಗುಜರಿಯವನ ಕಾಗದವನ್ನು ನಾನು ಓದಲಿಲ್ಲ. ಅಂಟಿಸಿದ ಲಕೋಟೆಯನ್ನು ಅಂಟಿಸಿದ ಹಾಗೇ ಮೇಜಿನ ಮೇಲಿಟ್ಟೆ. ಅಧಿಕಾರಿ ಅದನ್ನು ತಿರುಗಿಸಿ ನೋಡಿ, "ಯಜಮಾನ್ರೇ, ಎರಡು ತಿಂಗಳು ಗಾಡಿ ಬಿಟ್ಟು ಕೂತ್ರಿ. ಒಳಗೇನಿದೆ ಅಂತ ನೋಡ್ಲೂ ಇಲ್ವಾ?" ಎಂದ.

"ನಿಮಗೆ ಗೊತ್ತಿಲ್ವಲ್ಲ, ನೀವು ನೋಡ್ಕೊಳ್ಳಿ" ಎಂದೆ.

ನಿನ್ನ ಅಪ್ಪ,
ಬೂಝಿಯಾನ್